ಮರಿಗಳ ಮುಂದೆ ಮಾತಾಡದ ಮುಸುಕಿನಕ್ಕ

ಬೆಳಗಿನ ಐದೂವರೆ. ತಗಡಿನ ಕೋಣೆಯಲ್ಲಿ ಮುಸುಕಿನಕ್ಕ ಉಂಗುರ, ಗಡಿಯಾರ ಬಿಚ್ಚಿಟ್ಟು, ತಲೆಯಿಂದ ಪಾದದವರೆಗೆ ಮುಚ್ಚುವ ಬಿಳಿ ನಿಲುವಂಗಿ ತೊಡುತ್ತಾರೆ. ಮುಖಕ್ಕೆ ಮುಸುಕು, ಕಣ್ಣಿನ ಜಾಗದಲ್ಲಿ ಬಲೆ. ಬಲಗೈಗೆ ಸಾರಸ ಹಕ್ಕಿಯ ತಲೆಯ ಬೊಂಬೆ. ಬಾಗಿಲು ದಾಟಿದರೆ ಬಾಯಿಗೆ ಬೀಗ. ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಆರು ಮರಿಗಳು ಓಡಿಬಂದು ಬೊಂಬೆಯ ಕೊಕ್ಕಿನಿಂದ ಹುಳು ಕಿತ್ತುಕೊಳ್ಳುತ್ತವೆ. ಅವುಗಳ ಪಾಲಿಗೆ ಬಂದಿರುವುದು ಮನುಷ್ಯರಲ್ಲ, ಅಮ್ಮ. ಮನುಷ್ಯರ ಮುಖ, ದನಿಗೆ ಒಗ್ಗಿದ ಮರಿ ಮುಂದೆ ಜೌಗಿನಲ್ಲಿ ತಾನಾಗಿ ಬದುಕಲಾರದು.

ಈ ಸಾಕಾಣಿಕೆ ಕೇಂದ್ರ ತೆರೆದಾಗ ಜೌಗಿನಲ್ಲಿ ಉಳಿದಿದ್ದ ಸಾರಸಗಳು ಹತ್ತೊಂಬತ್ತು. ಮೊದಲಿದ್ದ ಬೇರೆಲ್ಲವನ್ನೂ ಮೊಟ್ಟೆ ಕದ್ದವರು, ಜೌಗು ಬತ್ತಿಸಿದವರು, ವಿದ್ಯುತ್ ತಂತಿ ಎಳೆದವರು ಸೇರಿ ಮುಗಿಸಿದ್ದರು. ಈಗ ನೂರ ನಲವತ್ತೇಳಿವೆ. ಅವುಗಳಲ್ಲಿ ಅರವತ್ತಮೂರನ್ನು ಮೊಟ್ಟೆಯೊಡೆದ ದಿನದಿಂದ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದವರು ಈ ಅಕ್ಕ. ಕಸ ಗುಡಿಸಲು ಸೇರಿ, ನೋಡಿ ನೋಡಿಯೇ ಕೆಲಸ ಕಲಿತವರು. ಇಪ್ಪತ್ತೊಂದು ವರ್ಷವಾದರೂ ಕಡತದಲ್ಲಿ ಇನ್ನೂ ‘ಸ್ವಚ್ಛತಾ ಸಹಾಯಕಿ’. ಕೇಂದ್ರದ ಹೊಳೆಯುವ ಪುಸ್ತಿಕೆಯಲ್ಲಿ ನಿರ್ದೇಶಕರ ಫೋಟೊ ಒಂಬತ್ತಿವೆ, ಅಕ್ಕನದು ಒಂದೂ ಇಲ್ಲ.

ದರ್ಜಿಯಾಗಿರುವ ಗಂಡ ನಿಲುವಂಗಿ ಹೊಲಿದುಕೊಡುತ್ತಾರೆ. "ಇಡೀ ದಿನ ಬಾಯಿ ಮುಚ್ಕೊಂಡಿದ್ದು, ಮನೆಗೆ ಬಂದ ಕೂಡ್ಲೇ ಎಲ್ಲಾ ಒಟ್ಟಿಗೆ ಶುರು ಮಾಡ್ತಾಳೆ. ಪೆನ್ಷನ್ ಕೊಡೋದಾದ್ರೆ ನನ್ನ ಕಿವಿಗೆ ಕೊಡ್ಬೇಕು," ಎಂದು ನಗುತ್ತಾರೆ.

ಹೋದ ವರ್ಷದ ಮಾತು ತೆಗೆದರೆ ಆ ನಗು ನಿಲ್ಲುತ್ತದೆ. ಆಗ ನಿರ್ದೇಶಕರು ದೊಡ್ಡ ಅತಿಥಿಯೊಬ್ಬರನ್ನು ನಿಲುವಂಗಿಯಿಲ್ಲದೆ ಒಳಗೆ ಕರೆತಂದರು. ಅತಿಥಿ "ಬಾ ಬಾ ಚಿನ್ನಾ" ಎನ್ನುತ್ತ ಚಿಕ್ಕ ಮರಿಗೆ ಕೈಯಾರೆ ತಿನ್ನಿಸಿದರು. ಕ್ಯಾಮೆರಾಗಳು ಮಿಂಚಿದವು. ಅಕ್ಕ ಮುಸುಕಿನೊಳಗೆ ಕುದಿಯುತ್ತ ನಿಂತಿದ್ದರು.

"ತಪ್ಪು ನಂದೂ ಇದೆ," ಎನ್ನುತ್ತಾರೆ ಅಕ್ಕ. "ಅಲ್ಲೇ ‘ಆಚೆ ನಡೀರಿ’ ಅಂತ ಗದರಿಸ್ಬೇಕಿತ್ತು. ಮರಿ ಮುಂದೆ ಬಾಯಿ ಬಿಡ್ಬಾರ್ದು ಅಂತ ಸುಮ್ನಿದ್ದೆ. ನಾನು ನಿಯಮ ಪಾಲಿಸ್ತಾ ನಿಂತೆ, ಅವ್ರು ಮರಿ ಹಾಳು ಮಾಡಿದ್ರು."

ಅವರ ಮೌನವನ್ನೇ ಒಪ್ಪಿಗೆ ಎಂದುಕೊಂಡು ಮೂರು ವಾರ, ಸಂಜೆಸಂಜೆಯೂ ಅತಿಥಿಗಳು ಬಂದರು. ಕಚೇರಿಗೆ ಹೋಗಿ ದೂರಿದರೆ "ನಿನ್ನ ಕೆಲ್ಸ ನೋಡ್ಕೊ" ಎಂಬ ಉತ್ತರ. ಜೌಗಿಗೆ ಬಿಟ್ಟ ನಾಲ್ಕನೇ ದಿನ ಆ ಚಿಕ್ಕ ಮರಿ ಗುಂಪು ಬಿಟ್ಟು, ರಸ್ತೆ ಬದಿಯ ಹೋಟೆಲಿಗೆ ನಡೆದುಬಂದು ಜನರ ಮುಂದೆ ಕೊಕ್ಕು ತೆರೆದು ನಿಂತಿತು. ಈಗ ಅದು ಮೃಗಾಲಯದ ಪಂಜರದಲ್ಲಿದೆ, ಸಾಯುವ ತನಕ ಅಲ್ಲೇ. ಇಷ್ಟಕ್ಕೆಲ್ಲ ಕಾರಣರಾದ ನಿರ್ದೇಶಕರಿಗೆ ಪ್ರಶಸ್ತಿ ಸಿಕ್ಕಿದೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಈ ತಿಂಗಳ ಇಪ್ಪತ್ತರಂದು ಆರು ಮರಿಗಳೂ ಜೌಗಿಗೆ ಹೋಗಬೇಕು. ಅದಕ್ಕೂ ಮೊದಲು ಅತಿಥಿಗಳು ಒಳಗೆ ಬಂದು ಮರಿ ಮುಟ್ಟಿ ಫೋಟೊ ತೆಗೆಸಿಕೊಳ್ಳಲಿ ಎಂಬುದು ಕಚೇರಿಯ ಹಟ. ಅಕ್ಕ ಮರಿಗಳ ಆವರಣದ ಗೇಟಿಗೆ ತಮ್ಮದೇ ಬೀಗ ಜಡಿದಿದ್ದಾರೆ. ಕೂಗಾಡುತ್ತ ಬಂದ ನಿರ್ದೇಶಕರನ್ನು ಮರಿಗಳ ಕಿವಿಗೆ ಬೀಳದಷ್ಟು ದೂರ ಕರೆದೊಯ್ದು, ಮುಸುಕು ಸರಿಸಿ, ಇಪ್ಪತ್ತೊಂದು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಝಾಡಿಸಿದ್ದಾರೆ. "ನಿಮ್ಗೆ ಫೋಟೊ ಬೇಕಾದ್ರೆ ನನ್ ಜೊತೆ ತೆಗಿಸ್ಕೊಳ್ಳಿ ಸಾರ್, ನಂಗೇನೂ ಆಗಲ್ಲ. ಮರಿ ತಂಟೆಗೆ ಮಾತ್ರ ಬರ್ಬೇಡಿ!"

ಮರುದಿನವೇ ನೋಟಿಸ್ ಬಂದಿದೆ: ಕೆಲಸದಿಂದ ಏಕೆ ತೆಗೆಯಬಾರದು, ಮೂರು ದಿನದಲ್ಲಿ ತಿಳಿಸಿ. ‘ಮರಿಗಳು ಹಾರಿದ ಮೇಲೆ ತಿಳಿಸುತ್ತೇನೆ’ ಎಂದು ಅಕ್ಕ ಅದರ ಹಿಂಬದಿಯಲ್ಲೇ ಬರೆದು ಕಳಿಸಿದ್ದಾರೆ. ಬೀಗ ಇನ್ನೂ ಗೇಟಿನಲ್ಲೇ ಇದೆ.

ಕೆಲಸ ಹೋದರೆ ಬೇಸರವಾಗುವುದಿಲ್ಲವೇ?

"ಆಗ್ದೆ ಇರುತ್ತಾ? ಆದ್ರೆ ಹೋದ ವಾರ ಮಾಮೂಲಿ ಬಟ್ಟೇಲಿ ಜೌಗಿನ ಕಡೆ ಹೋಗಿದ್ದೆ. ಎರಡು ವರ್ಷದ ಹಿಂದೆ ನಾನೇ ಸಾಕಿ ಬಿಟ್ಟಿದ್ದ ಹೆಣ್ಣು ಹಕ್ಕಿ ಅಲ್ಲಿ ಮೇಯ್ತಾ ಇತ್ತು, ಕಾಲಲ್ಲಿ ನಾನು ತೊಡಿಸಿದ್ದ ಹಸಿರು ಪಟ್ಟಿ. ನನ್ನ ಮುಖ ನೋಡಿದ್ದೇ ತಡ, ಹೆದರಿ ಹಾರಿಹೋಯ್ತು." ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. "ಈ ಆರೂ ನನ್ನ ನೋಡಿ ಹಾಗೇ ಓಡಿಹೋಗ್ಲಿ. ಅಷ್ಟಾದ್ರೆ ಸಾಕು."