ಮೂರನೆಯ ಒದೆ

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಬಂತಂತೆ. ನಮ್ಮ ಕಡೆ ಅಂಥವರಿಗೆ ಒಂದು ಕೆಲಸ ತಾನಾಗಿ ಗಂಟುಬೀಳುತ್ತದೆ. ಯಾರಿಗಾದರೂ ಸೊಂಟ ಹಿಡಿದುಕೊಂಡರೆ ನಮ್ಮಂಥವರಿಂದ ಬೆನ್ನಿಗೆ ಮೂರು ಸಲ ಒದೆಸಿಕೊಳ್ಳಬೇಕು, ಉಳುಕು ಬಿಟ್ಟುಹೋಗುತ್ತದೆ ಎಂದು ನಂಬಿಕೆ. ವರದಮೂಲದ ಹತ್ತಿರದ ನನ್ನ ತವರಿನಲ್ಲಿ ಬೆಳಗಾದರೆ ಯಾರಾದರೊಬ್ಬರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನನಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಒದೆ ಅಂದರೆ ಒದೆಯಲ್ಲ, ಪಾದ ತಾಗಿಸುವುದು ಅಷ್ಟೆ. ಶಾನುಭೋಗರಿಗೂ ಒದ್ದಿದ್ದೇನೆ, ಪೂಜೆಯ ಭಟ್ಟರಿಗೂ ಒದ್ದಿದ್ದೇನೆ. ಹೋಗುವಾಗ ಒಂದು ಅಚ್ಚು ಬೆಲ್ಲ ಕೊಡುತ್ತಿದ್ದರು. ನನಗೆಷ್ಟು ಕೊಬ್ಬಿತ್ತು, ಕೇಳಬೇಡಿ.

ಮೇಳಿಗೆ ಕಡೆಗೆ ಮದುವೆಯಾಗಿ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡುವ ಮನೆ. ಗಂಡ, ಅತ್ತೆ, ನಾನು, ಮೂರೇ ಜನ. ಅತ್ತೆಯ ಬಾಯಿ ಅಂದರೆ ಊರೇ ಹೆದರುತ್ತಿತ್ತು. ನನ್ನ ಕಾಲಿನ ವಿಷಯ ತಿಳಿದ ದಿನವೇ, “ಸೊಸೆ ಹತ್ರ ಒದೆಸ್ಕಳೋ ಗತಿ ನಂಗೆ ಬರದು ಬ್ಯಾಡ ಮಾರಾಯ್ತಿ” ಎಂದಿದ್ದರು. ಅಕ್ಕಿ ಅಳೆಯುವುದು, ಅನ್ನಕ್ಕಿಡುವುದು ಎಲ್ಲ ಅವರೇ. ನನ್ನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಒಂದೇ ಒಂದು.

ಎರಡನೆಯ ವರ್ಷ, ಚೌತಿಗೆ ಮುಂಚೆ, ಅಪ್ಪಯ್ಯ ನನ್ನನ್ನು ನೋಡಲು ಬಂದಿದ್ದ. ಎರಡು ಬಸ್ಸು ಬದಲಿಸಿ, ಉಳಿದ ದಾರಿ ನಡೆದು, ಒಂದು ಚಿಪ್ಪು ಬಾಳೆಹಣ್ಣು ಹೊತ್ತುಕೊಂಡು. ಗಂಡ ಆಗ ಮಾಸ್ತಿಕಟ್ಟೆ ಕಡೆ ಮರ ಕಡಿಯುವ ಕೆಲಸಕ್ಕೆ ಹೋಗಿದ್ದರು. ನಾನು ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆ. ಮನೆಗೆ ಬಂದಾಗ ಅಪ್ಪಯ್ಯ ಹೊರಟಾಗಿತ್ತು. ಅತ್ತೆ ಅವನನ್ನು ಜಗಲಿಯಲ್ಲೇ ಕೂರಿಸಿ, ಬೆಲ್ಲ ನೀರು ಕೊಟ್ಟು, ಒಳಗೆ ಬನ್ನಿ ಅನ್ನದೆ, ಊಟ ಮಾಡಿ ಅನ್ನದೆ ಕಳಿಸಿದ್ದರು. ನಡು ಮಧ್ಯಾಹ್ನ! ಓಡಿಹೋಗಿ ತಿರುವಿನಲ್ಲಿ ಹಿಡಿದೆ. “ಊಟ ಆಯ್ತಾ ಅಪ್ಪಯ್ಯ?” ಎಂದು ಕೇಳಿದೆ. “ಹೊಟ್ಟೆ ತುಂಬ ಆತು ಮಗಾ” ಎಂದ. ಪಾತ್ರೆ ತೊಳೆಯುವ ಜಾಗದಲ್ಲಿ ಒಂದು ಲೋಟ ಬಿಟ್ಟರೆ ಏನೂ ಇಲ್ಲದ್ದನ್ನು ನಾನು ನೋಡಿಕೊಂಡೇ ಬಂದಿದ್ದೆ. ಸಂಜೆ ಅತ್ತೆ ಅನ್ನ ಬಡಿಸಲಿಲ್ಲ. ಆ ಬಾಳೆಹಣ್ಣನ್ನೇ ನನ್ನ ಮುಂದೆ ಕುಕ್ಕಿ, “ತೌರಿನ ಹಣ್ಣು, ತಿನ್ನು” ಎಂದರು. ಮೈ ಉರಿದುಹೋಯಿತು. ಆ ಚಳಿಗಾಲದಲ್ಲಿ ಅಪ್ಪಯ್ಯ ತೀರಿಕೊಂಡ.

ಮುಂದಿನ ಬೇಸಿಗೆಯಲ್ಲಿ ಅತ್ತೆ ಗುಡ್ಡದಲ್ಲಿ ಸೊಪ್ಪಿನ ಹೊರೆ ಎತ್ತುವಾಗ ಸೊಂಟದಲ್ಲಿ ಕಳಕ್ ಅಂದಿತು. ಮನೆಗೆ ಬಂದದ್ದು ನಾಲ್ಕು ಕಾಲಿನಲ್ಲಿ. ಬಿಸಿ ತೌಡಿನ ಶಾಖ ಕೊಟ್ಟೆವು, ಲಕ್ಕಿ ಸೊಪ್ಪು ಕುದಿಸಿ ನೀರು ಹೊಯ್ದೆವು. ನೋವು ಸೊಂಟದಿಂದ ಎಡತೊಡೆಗೆ, ಅಲ್ಲಿಂದ ಮೀನಖಂಡಕ್ಕೆ ಇಳಿಯಿತೇ ಹೊರತು ಹೋಗಲಿಲ್ಲ. ಕೆಮ್ಮಿದರೆ ಪಾದದ ತನಕ ಕಾದ ತಂತಿ ಎಳೆದ ಹಾಗಾಗುತ್ತದೆ ಎಂದು ನರಳುತ್ತಿದ್ದರು. ಐದನೆಯ ದಿನ ಬೆಳಿಗ್ಗೆ ಅವರೇ ಕರೆದರು. “ಬಾ ಹೆಣ್ಣೆ. ಒದ್ದು ಬಿಡು, ಇದೊಂದ್ ಆಗ್ಲಿ.”

ಜಗಲಿಯ ಕಂಬ ಹಿಡಿದು ನಿಂತರು. ಮೊದಲನೆಯದು ತಾಗಿಸಿದೆ. ಎರಡನೆಯದೂ ತಾಗಿಸಿದೆ. ಮೂರನೆಯದಕ್ಕೆ ಕಾಲೆತ್ತಿದಾಗ ಕಣ್ಣಿಗೆ ಬಿದ್ದದ್ದು ಆ ಜಗಲಿ. ಅಪ್ಪಯ್ಯ ಹಸಿದು ಕೂತ ಅದೇ ಜಗಲಿ. ಒದ್ದೆ. ನಿಜವಾಗಿ ಒದ್ದೆ.

ಅತ್ತೆ ಕೂಗಲಿಲ್ಲ. ಕಂಬ ಹಿಡಿದುಕೊಂಡೇ ಕುಸಿದರು. “ಮೂರನೇದು ಸರಿಯಾಗಿ ಬಿತ್ತು” ಎಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನ ಗಂಡ ಖುಷಿಯಿಂದ ಹೇಳಿದರು, ಪಾಪ. ಮಾರನೆಯ ದಿನ ಅತ್ತೆಯನ್ನು ಹಿಡಿದೆತ್ತಿದಾಗ ಎಡಪಾದದ ಮುಂಭಾಗ ಮೇಲೇಳಲಿಲ್ಲ. ನೆಲಕ್ಕೆ ಎಳೆಯುತ್ತಿತ್ತು.

ತೀರ್ಥಹಳ್ಳಿಯ ಡಾಕ್ಟರು ಕಾಲೆತ್ತಿಸಿ, ಸೂಜಿ ಚುಚ್ಚಿ ನೋಡಿ, “ನರ ಸಿಕ್ಕಿಹಾಕ್ಕೊಂಡಿದೆ. ಯಾರಾದ್ರೂ ಒದ್ರಾ, ತುಳಿದ್ರಾ? ಈ ಕಡೆ ಆ ಹುಚ್ಚು ಜಾಸ್ತಿ” ಎಂದು ಕೇಳಿದರು. ನಾನು ಗೋಡೆ ನೋಡುತ್ತ ನಿಂತೆ. “ಇಲ್ಲಪ್ಪ. ಸೊಪ್ಪಿನ ಹೊರೆ ಎತ್ತಿದ್ದು, ಅಷ್ಟೇಯ” ಎಂದರು ಅತ್ತೆ. ಮಂಗಳೂರಿಗೆ ಕರೆದುಕೊಂಡು ಹೋದರೆ ಆಪರೇಷನ್ ಮಾಡಬಹುದು, ಆದರೆ ಕಾಲು ಬಂದೇ ಬರುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಅತ್ತೆ ಬೆನ್ನು ಕೊಯ್ಯಿಸಿಕೊಳ್ಳಲು ಸುತರಾಂ ಒಪ್ಪಲಿಲ್ಲ. ಹಾಗಾದರೆ ಗಟ್ಟಿ ಹಲಗೆಯ ಮೇಲೆ ಮಲಗಿ, ಏಳಲೇಬೇಡಿ ಎಂದರು ಡಾಕ್ಟರು. ಮೂತ್ರ ಕಟ್ಟಿದರೆ ಮಾತ್ರ ಒಂದು ಗಳಿಗೆಯೂ ತಡ ಮಾಡಬೇಡಿ ಎಂದರು. ನನ್ನ ಕಡೆ ತಿರುಗಿ, “ದಿನಾ ಬೆಳಿಗ್ಗೆ ಹೆಬ್ಬೆರಳು ಎತ್ತಕ್ಕೆ ಹೇಳಮ್ಮ. ಎತ್ತಿದ್ರೆ ನರ ಬದುಕ್ತಿದೆ ಅಂತ ಅರ್ಥ” ಎಂದು ಹೇಳಿಕೊಟ್ಟರು.

ಕೊಟ್ಟಿಗೆಯ ಬಾಗಿಲು ಕಿತ್ತು, ಕಲ್ಲು ಪೇರಿಸಿ ಅದರ ಮೇಲೆ ಹಾಸಿದೆವು. ಡಾಕ್ಟರು ಹೇಳಿದಂತೆ, ಸೊಂಟವನ್ನು ಎಳೆದು ಹಿಡಿಯಲೆಂದು, ಕಾಲಿಗೆ ಬಟ್ಟೆ ಸುತ್ತಿ, ಹಗ್ಗದಲ್ಲಿ ಮರಳಿನ ಚೀಲ ತೂಗುಬಿಟ್ಟೆವು. ಗಂಡ ಹೊಸನಗರದಿಂದ ಯಾವುದೋ ಎಣ್ಣೆ ತಂದರು. ಹೊರಳಿಸುವುದು, ಹೊಲಸು ಬಾಚುವುದು, ಬೆನ್ನು ಹುಣ್ಣಾಗದಂತೆ ಒರೆಸುವುದು, ಎಲ್ಲ ನಾನೇ ಮಾಡಿದೆ. ಎಂಥಾ ಸೊಸೆ ಎಂದು ಊರವರು ಹೊಗಳಿದರು. ಹೊಗಳಿದಷ್ಟೂ ನನಗೆ ಸಾಯಬೇಕೆನಿಸುತ್ತಿತ್ತು. ದಿನಾ ಬೆಳಿಗ್ಗೆ ಆ ಹೆಬ್ಬೆರಳಿನ ಮೇಲೆ ಅಂಗೈ ಇಟ್ಟು, “ಎತ್ತಿ ಅತ್ತೆ” ಎನ್ನುತ್ತಿದ್ದೆ. ಅವರು ಹಲ್ಲು ಕಚ್ಚಿ ಎತ್ತಲು ನೋಡುತ್ತಿದ್ದರು. ಅಂಗೈಗೆ ಏನೂ ತಾಗುತ್ತಿರಲಿಲ್ಲ. ನನ್ನ ಒದೆ ಇಲ್ಲದಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಡಾಕ್ಟರನ್ನು ಕೇಳಲು ನನಗೆ ಎಂದೂ ಧೈರ್ಯ ಬರಲಿಲ್ಲ.

ಮೂರು ತಿಂಗಳಿಗೆ ನೋವು ತಗ್ಗಿತು. ಅತ್ತೆ ಎದ್ದು ಕೂತರು, ಗೋಡೆ ಹಿಡಿದು ನಡೆದರು. ಪಾದ ಮಾತ್ರ ನೆಲ ಸವರುತ್ತಲೇ ಇತ್ತು.

ಆಗಲೇ ಒಂದು ದಿನ ಆಚೆಮನೆಯ ಹೆಂಗಸು ಸೊಂಟ ಹಿಡಿದುಕೊಂಡು ಬಂದಳು. “ಒಂಚೂರು ಕಾಲು ತಾಗ್ಸೆ ಮಾರಾಯ್ತಿ” ಎಂದು ಬೆನ್ನು ತಿರುಗಿಸಿ ನಿಂತೇಬಿಟ್ಟಳು. ನಾನು ಹಿಂದೆ ಸರಿದೆ. ಒಳಗಿನಿಂದ ಅತ್ತೆಯ ದನಿ ಬಂತು. “ಅವ್ಳು ಕಾಲು ಮುಂದಾಗಿ ಹುಟ್ಟಿದ್ದಲ್ಲ ಕಣೆ. ತೌರಿನೋರು ಸುಳ್ಳು ಹೇಳಿದ್ದು. ನೀನು ಡಾಕ್ಟ್ರ ಹತ್ರ ಹೋಗು.”

ಅವಳು ಗೊಣಗುತ್ತ ಹೋದ ಮೇಲೆ ನಾನು ಒಳಗೆ ಹೋದೆ. ಅತ್ತೆ ನನ್ನನ್ನು ನೋಡದೆ ಕೇಳಿದರು.

“ಮೂರನೇದು ಔಷಧಿಗೆ ಒದ್ದಿದ್ದಲ್ಲ. ಹೌದಾ?”

ನಾನು ಅವರ ಕಾಲ ಬಳಿ ಕೂತೆ.

“ನಿನ್ನ ಅಪ್ಪಯ್ಯನ್ನ ಜಗ್ಲೀಲೇ ಕೂರ್ಸಿ ಕಳ್ಸಿದ್ದಕ್ಕೆ?”

“ಹ್ಞೂಂ” ಎಂದೆ.

“ಆವತ್ತು ಮನೇಲಿ ಒಂದ್ ಹಿಡಿ ಅಕ್ಕಿ ಇರ್ಲಿಲ್ಲ ಹೆಣ್ಣೆ. ಒಳಗೆ ಕರೆದಿದ್ರೆ ತಣ್ಣಗಿರೋ ಒಲೆ ಕಾಣ್ತಿತ್ತು. ಮಗಳನ್ನ ಎಂಥಾ ಮನೆಗೆ ಕೊಟ್ಟೆ ಅಂತ ಅವ್ರು ದಾರಿ ತುಂಬ ಅತ್ಕೊಂಡು ಹೋಗ್ತಿದ್ರು.”

ಆ ಸಂಜೆ ಅವರು ಹಣ್ಣನ್ನೆಲ್ಲ ನನ್ನ ಮುಂದಿಟ್ಟು, ತಾವು ನೀರು ಕುಡಿದು ಮಲಗಿದ್ದು ಆಗ ನೆನಪಾಯಿತು. ಅಯ್ಯೋ, ನಾನು ಅದನ್ನು ನೋಡಿಯೂ ನೋಡಿರಲಿಲ್ಲ.

ಅತ್ತೆ ಎಡಗಾಲು ಚಾಚಿದರು. ಆ ದಿನ ಬೆಳಿಗ್ಗೆ ಬೆರಳು ನೋಡಲು ಮರೆತಿದ್ದೆ. ಹೆಬ್ಬೆರಳಿನ ಮೇಲೆ ಅಂಗೈ ಇಟ್ಟು, “ಎತ್ತಿ ಅತ್ತೆ” ಎಂದೆ. ಅವರು ಹಲ್ಲು ಕಚ್ಚಿದರು. ನಾನು ತುಂಬ ಹೊತ್ತು ಕೈ ತೆಗೆಯಲಿಲ್ಲ. ಬೆರಳು ಹಾಗೇ ಇತ್ತು.