ಕಣಿವೆಯಂಚಿನಲ್ಲಿ ಎರಡು ಬೆರಳು

ತೈಹಾಪೆ ಎಂಬ ಕುರಿಸೀಮೆಯ ಗುಡ್ಡಗಳಲ್ಲಿ ಮೇವಿಸ್‌ಗೆ ಗೊಬ್ಬರದ ಹೆಂಗಸೆಂದೇ ಹೆಸರು. ಗಂಡ ಡೆಸ್ಮಂಡ್ ಪುಟ್ಟ ವಿಮಾನದಲ್ಲಿ ಕುರಿ ಮೇಯುವ ಇಳಿಜಾರುಗಳಿಗೆ ಗೊಬ್ಬರ ಎರಚುತ್ತಿದ್ದ; ಲೋಡರ್ ಗಾಡಿಯ ದೊಡ್ಡ ಬಕೆಟ್‌ನಿಂದ ವಿಮಾನದ ಹೊಟ್ಟೆ ತುಂಬಿಸುವುದು ಇವಳ ಕೆಲಸ. ಎಂಜಿನ್ ನಿಲ್ಲಿಸುವ ಪದ್ಧತಿಯಿಲ್ಲ, ಆ ಸದ್ದಿನಲ್ಲಿ ಮಾತೂ ಕೇಳಿಸದು. ಅವನು ಎಷ್ಟು ಬೆರಳೆತ್ತಿದರೆ ಅಷ್ಟು ಬಕೆಟ್ ಸುರಿಯಬೇಕು. ಮದುವೆಯಾದಾಗಿನಿಂದ ಅವಳು ಆ ಬೆರಳಿಗೆ ಎದುರಾಡಿದವಳಲ್ಲ.

ಹೆದರಿಕೆ ಮಾತ್ರ ಮೈಯೊಳಗೇ ಬೀಡುಬಿಟ್ಟಿತ್ತು. ಅಲ್ಲಿನ ರನ್‌ವೇ ಎಂದರೆ ಗುಡ್ಡದ ನೆತ್ತಿಯ ಹುಲ್ಲುಪಟ್ಟಿ, ತುದಿಯಲ್ಲಿ ಕಣಿವೆ. ತುಂಬಿದ ವಿಮಾನ ಅಂಚು ದಾಟಿದ್ದೇ ಕೆಳಗಿಳಿದು ಮರೆಯಾಗಿ, ಆಮೇಲೆ ಮೇಲೇಳುತ್ತದೆ. ಏಳುವವರೆಗೆ ಮೇವಿಸ್ ಉಸಿರು ಬಿಡುತ್ತಿರಲಿಲ್ಲ. ಏಳದೆ ಹೋದವರ ಹೆಂಡತಿಯರ ಮನೆಗೆ ಸ್ಕೋನ್ ಎಂಬ ಬನ್ನು ಮಾಡಿಕೊಂಡು ಹೋಗಿ ಕೂತು ಬಂದವಳು ಅವಳು.

ಅಂದು ಹ್ಯಾಲೊರನ್ ಎಂಬ ಕುರಿ ಸಾಕುವವನ ಜಮೀನಿನಲ್ಲಿ ಕೆಲಸ. ಶೆಡ್ಡಿನ ಸೂರು ಸೋರಿ, ರಾಶಿಯ ಮುಂಬದಿಯ ಗೊಬ್ಬರ ಜಿಗುಟಾಗಿತ್ತು.

"ಇದು ಒದ್ದೆಯಾಗಿದೆಯಲ್ರೀ," ಎಂದಳು ಮೇವಿಸ್.

"ಯಾಕಮ್ಮಾ, ಕೇಕ್ ಮಾಡ್ತೀಯಾ ಇದ್ರಲ್ಲಿ? ಮಳೆ ಬರೋದ್ರೊಳಗೆ ಮುಗಿಸ್ರಮ್ಮ!" ಎಂದ ಹ್ಯಾಲೊರನ್.

ಡೆಸ್ಮಂಡ್ ಎರಡು ಬೆರಳೆತ್ತಿದ. ಅವಳು ಆ ಒದ್ದೆ ಗೊಬ್ಬರವನ್ನೇ ಎರಡು ಬಕೆಟ್ ಸುರಿದಳು.

ವಿಮಾನ ಓಡುತ್ತಿದ್ದಾಗ ಗಾಳಿ ತಿರುಗಿ ಹಿಂದಿನಿಂದ ಬೀಸಿತು. ಅಂಚಿನವರೆಗೂ ಚಕ್ರ ನೆಲ ಬಿಡಲಿಲ್ಲ. ಹಾಗೇ ಉರುಳಿ ಕಾಣೆಯಾಯಿತು. ಇಂಥ ಹೊತ್ತಿನಲ್ಲಿ ಪೈಲಟ್ ಹಿಡಿಕೆ ಎಳೆದು ಗೊಬ್ಬರವನ್ನೆಲ್ಲ ಚೆಲ್ಲಿಬಿಡುತ್ತಾನೆ, ವಿಮಾನ ಹಗುರಾದರೆ ಬದುಕಿಕೊಳ್ಳುತ್ತಾನೆ. ಹಾಗಾದರೆ ಕಣಿವೆಯಿಂದ ಧೂಳೇಳಬೇಕು. ಧೂಳೇಳಲಿಲ್ಲ. ಒದ್ದೆ ಗೊಬ್ಬರ ಕಚ್ಚಿಕೊಂಡಿದೆ, ತುಂಬಿದ್ದು ನಾನೇ! ಮೇವಿಸ್‌ಗೆ ಹೊಳೆದದ್ದು ಅದೊಂದೇ. ಹ್ಯಾಲೊರನ್, ಪುಣ್ಯಾತ್ಮ, ಆಗಲೇ ಟೋಪಿ ತೆಗೆದಿದ್ದ.

ಎಷ್ಟೋ ಹೊತ್ತಾದಂತಾಯಿತು. ಆಮೇಲೆ ದೂರದಲ್ಲಿ, ಹೊಳೆಯ ಮೇಲಿಂದ, ವಿಮಾನ ತೇಕುತ್ತಾ ಮೇಲೆದ್ದಿತು. ಬಂದು ಇಳಿದಾಗ ಚಕ್ರಕ್ಕೆ ಬೇಲಿತಂತಿ ಸುತ್ತಿಕೊಂಡಿತ್ತು.

"ಹಿಡಿಕೆ ಎಳೆದೆ ಕಣೇ. ಗೊಬ್ಬರ ಬೀಳ್ಲೇ ಇಲ್ಲ," ಎಂದ ಡೆಸ್ಮಂಡ್.

"ಒದ್ದೆ ಇತ್ತು. ನಂಗೆ ಗೊತ್ತಿತ್ತು."

ಇಬ್ಬರೂ ಸೇರಿ ತಂತಿ ಬಿಡಿಸಿ, ವಿಮಾನದ ಹೊಟ್ಟೆಯಲ್ಲಿ ಗಟ್ಟಿಯಾಗಿದ್ದ ಮುದ್ದೆಯನ್ನು ಕೆರೆದು ತೆಗೆದರು. ಮೋಡ ಕಟ್ಟುತ್ತಿತ್ತು. ಅವನು ಹತ್ತಿ ಕೂತು, ಅಭ್ಯಾಸಬಲದಿಂದ, ಮತ್ತೆ ಎರಡು ಬೆರಳೆತ್ತಿದ.

ಮೇವಿಸ್ ಲೋಡರ್‌ನಿಂದ ಒಂದು ಬೆರಳು ತೋರಿಸಿದಳು.

ಅವನು ಎರಡನ್ನೇ ಅಲ್ಲಾಡಿಸಿದ. ಅವಳು ಒಂದನ್ನೇ ಹಿಡಿದು ಕೂತಳು, ಇಳಿಸಲಿಲ್ಲ. ಕಡೆಗೆ ಡೆಸ್ಮಂಡ್ ಒಂದು ಬೆರಳು ಮಡಚಿದ.

ರಾಶಿಯ ಹಿಂಬದಿಯ ಒಣ ಗೊಬ್ಬರ ಒಂದೇ ಬಕೆಟ್ ಸುರಿದಳು. ವಿಮಾನ ಓಡಿತು, ಅಂಚು ದಾಟಿತು, ಕಣಿವೆಗಿಳಿದು ಮರೆಯಾಯಿತು. ಮೇವಿಸ್ ಉಸಿರು ಹಿಡಿದು ನಿಂತಳು.