ಅವ್ವ ನೋಡಿದ್ದು ಬೆನ್ನು

ಕುಲಗೋಡದ ನಮ್ಮ ಕಬ್ಬಿನ ಹೊಲದಲ್ಲಿ ಅಪ್ಪನ ಕೊಲೆಯಾದಾಗ ನನಗೆ ಆರು ವರ್ಷ. ಕಾಲುವೆ ನೀರಿನ ಸರದಿಗಾಗಿ ಅಪ್ಪನಿಗೂ ಕಾಕಾನಿಗೂ ಜಗಳವಿತ್ತು. ಕಾಕಾ ಕೊಡಲಿ ಹಿಡಿದು ಓಡಿಹೋದದ್ದನ್ನು ಕಣ್ಣಾರೆ ಕಂಡೆನೆಂದು ಅವ್ವ ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. "ನನ್ನ ತಮ್ಮ ಅಂಥಾವಲ್ಲ" ಎಂದ ಸೋದರತ್ತೆ ಆಮೇಲೆ ನಮ್ಮ ಮನೆಗೆ ಕಾಲಿಡಲಿಲ್ಲ. ಹದಿನಾಲ್ಕು ವರ್ಷದ ಬಳಿಕ ಬಿಡುಗಡೆಯಾದ ಕಾಕಾ ಹಿಡಕಲ್‌ನಲ್ಲಿ ಅವಳ ಮನೆಯಲ್ಲೇ ಉಳಿದ.

ಹೋದ ವರ್ಷ ಜೋಳ ಹಸನು ಮಾಡುತ್ತಿದ್ದ ಅವ್ವ ಒಮ್ಮೆಲೇ ಅಂದಳು: "ಅವತ್ತ ನಾ ಮಾರಿ ನೋಡಿಲ್ಲವಾ. ಬೆನ್ನಷ್ಟ ನೋಡೀನಿ."

"ಮತ್ತ ಕೋರ್ಟಿನ್ಯಾಗ ಯಾಕ ಹಂಗ ಹೇಳಿದಿ?"

"ಎಲ್ಲಾರೂ ಅವನ ಅಂದ್ರು. ನನಗೂ ಅವನ ಅನಸ್ತು."

ನನಗೆ ಅವಳ ಮೇಲೆ ಸಿಟ್ಟು ಬಂತು, ಮರುಗಳಿಗೆಗೆ ಭಯವೂ ಆಯಿತು. ಮರುದಿನವೇ ಹಿಡಕಲ್‌ಗೆ ಹೋದೆ. ಎಮ್ಮೆಯ ಮೈ ತೊಳೆಯುತ್ತಿದ್ದ ಕಾಕಾ ಕೈ ನಿಲ್ಲಿಸದೆ ನನ್ನ ಮಾತನ್ನೆಲ್ಲ ಕೇಳಿದ.

"ಖರೆ ಹೇಳು ಕಾಕಾ, ನೀ ಹೊಡದಿಯೋ ಇಲ್ಲೋ?"

"ಇಲ್ಲಂತ ಎಷ್ಟ ಸಲ ಹೇಳೇನಿ. ಆಗ ಯಾರೂ ಕೇಳಲಿಲ್ಲ. ಈಗ ಹೇಳಾಕ ನನಗ ಮನಸಿಲ್ಲ."

ಅವನು ನನ್ನತ್ತ ನೋಡದೆ ಅಂದ. ಅದು ನೋವೋ, ತಪ್ಪಿಸಿಕೊಳ್ಳುವ ಮಾತೋ ತಿಳಿಯಲಿಲ್ಲ.

ಮುಂದಿನ ವಾರ ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದು ನನ್ನ ಜೊತೆ ಹಿಡಕಲ್‌ಗೆ ಬಂದಳು. ಅವಳು ಕಾಕಾನ ಮುಂದೆ ಕೈ ಮುಗಿದು ನಿಂತಳು, ಅವನು ಎದ್ದು ಹೊರಗೆ ಹೋದ. ಅತ್ತೆ ಕೊಟ್ಟ ಚಹಾ ಹಾಗೇ ತಣ್ಣಗಾಯಿತು.

ಮರಳಿ ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದು ಕೇಳಿದಳು: "ಅವನಲ್ಲಂದ್ರ ನಿಮ್ಮಪ್ಪನ್ನ ಹೊಡದಾವ ಮತ್ತ್ಯಾರ?"

ಗೋಕಾಕದಲ್ಲಿ ಇಳಿದು, ಹಿಡಿದ ಕೈ ಬಿಡದೆ ಅವಳನ್ನು ಕುಲಗೋಡದ ಬಸ್ಸು ಹತ್ತಿಸಿದೆ.